ಗುಡ್ಡದ ಮೇಲಿನ ಹಳೆಯ ದಡ

ಏಪ್ರಿಲ್ ೧೯, ಭಾನುವಾರ, ಬೆಳಿಗ್ಗೆ ೮.೧೦. ರಿಚರ್ಡ್‌ಸನ್ ಊರಿನ ನಮ್ಮ ಬಾಡಿಗೆ ಮನೆ.

ನಮ್ಮ ಸೋಫಾದ ಮಧ್ಯೆ ಒಂದು ತಗ್ಗು ಬಿದ್ದಿದೆ. ನನ್ನ ರೂಮ್‌ಮೇಟ್‌ನ ಚಿಕ್ಕಪ್ಪನ ಮಗಳು ಒಂಬತ್ತು ರಾತ್ರಿ ಅದರ ಮೇಲೆ ಮಲಗಿ, ಈಗಷ್ಟೇ ಏರ್‌ಪೋರ್ಟಿಗೆ ಹೊರಟಳು. ಒಳ್ಳೆಯ ಹುಡುಗಿ. ಹೊದಿಕೆಯನ್ನೂ ಮಡಿಸಿಟ್ಟು ಹೋದಳು. ಆದರೂ ಬಾಗಿಲು ಹಾಕಿದ ಕೂಡಲೇ ನಾನು ಕಾಫಿ ಹಿಡಿದು ಕಾಲು ಚಾಚಿದ ರೀತಿ ನೋಡಿದ್ದರೆ ನಿಮಗೆ ನಗು ಬರುತ್ತಿತ್ತು. ತಗ್ಗು ಮಾತ್ರ ಇನ್ನೂ ಇದೆ. ಫೋಮು ಮೇಲೇಳುತ್ತಿದೆ, ಅವಸರವಿಲ್ಲದೆ.

ನಾನು ಓದುವುದು ಭೂವಿಜ್ಞಾನ. ಉತ್ತರದ ಶೀತದೇಶದ ಗುಡ್ಡವೊಂದರ ಫೋಟೊ ನನ್ನ ಲ್ಯಾಪ್‌ಟಾಪ್‌ನಲ್ಲಿದೆ. ಸಮುದ್ರದಿಂದ ಬಹುದೂರ, ಗುಡ್ಡದ ಮೈಮೇಲೆ ಒಂದರ ಕೆಳಗೊಂದು ಉರುಟುಕಲ್ಲಿನ ಪಟ್ಟೆಗಳು. ಒಂದೊಂದೂ ಒಂದು ಕಾಲದ ಕಡಲ ದಡ. ಹಿಮಯುಗದಲ್ಲಿ ದಪ್ಪ ಮಂಜುಗಡ್ಡೆ ಕೂತು ನೆಲವನ್ನೇ ಅದುಮಿತ್ತು. ಅದು ಕರಗಿದ ಮೇಲೆ ನೆಲ ಮೆಲ್ಲಗೆ ಎದ್ದಿತು. ಅಲೆ ಬಡಿದ ಗುರುತುಗಳೂ ಅದರ ಜೊತೆ ಮೇಲೆ ಹೋದವು. ಸಾವಿರಾರು ವರ್ಷವಾದರೂ ಆ ನೆಲ ಏಳುತ್ತಲೇ ಇದೆ.

ಈ ಫೋಟೊವನ್ನು ಮೂರು ವರ್ಷದ ಹಿಂದೆ ಹ್ಯೂಸ್ಟನ್‌ನಲ್ಲಿ ಧೃತಿಗೆ ತೋರಿಸಿದ್ದೆ. ಅಮ್ಮನ ಗೆಳತಿ ಶೈಲಾ ಆಂಟಿಯ ಮಗಳು, ಆಗ ಏಳು ವರ್ಷ. ರೂಮು ಸಿಗುವವರೆಗೆ ಎಂದು ಅವರ ಮನೆಗೆ ಹೋದವಳು ಇಂಟರ್ನ್‌ಶಿಪ್ ಮುಗಿಯುವವರೆಗೂ, ಇಡೀ ಬೇಸಿಗೆ, ಅಲ್ಲೇ ಉಳಿದೆ. “ನಿನ್ನ ಮನೆ ಅಂತಾನೇ ಅನ್ಕೋ ಕಣೇ” ಎಂದಿದ್ದರು ಆಂಟಿ. ನಾನು ಹಾಗೆಯೇ ಅಂದುಕೊಂಡೆ. ಧೃತಿಯ ಕೋಣೆ, ಧೃತಿಯ ಮಂಚ ನನ್ನದಾಯಿತು. ಆ ಬೇಸಿಗೆಯ ಡೈರಿಯಲ್ಲಿ ನಾನು ಪಾತ್ರೆ ತೊಳೆದ, ಚಪಾತಿ ಲಟ್ಟಿಸಿದ ಲೆಕ್ಕವೆಲ್ಲ ಇದೆ. ಆ ಮಗು ಅಪ್ಪ ಅಮ್ಮನ ಕೋಣೆಯಲ್ಲಿ ನೆಲದ ಮೇಲೆ ಮಲಗುತ್ತಿದ್ದಳೆಂದು ಒಂದು ಸಾಲೂ ಇಲ್ಲ.

ಫೋಟೊ ನೋಡಿ ಅವಳು ಕೇಳಿದ್ದಳು: “ಅಕ್ಕ, ತಾನು ಅಷ್ಟು ಹೆವಿ ಅಂತ ಐಸ್‌ಗೆ ಗೊತ್ತಿತ್ತಾ?”

“ಐಸ್‌ಗೇನು ಗೊತ್ತಾಗುತ್ತೆ, ಪೆದ್ದಿ” ಎಂದು ನಕ್ಕಿದ್ದೆ.

ಈಗ ಅವರು ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ಗೆ ಶಿಫ್ಟ್ ಆಗಿದ್ದಾರೆ. ಕಳೆದ ತಿಂಗಳು ಒಂದು ಶನಿವಾರ ಊಟಕ್ಕೆ ಕರೆದಿದ್ದರು. ಬಾಗಿಲು ತೆರೆದ ಧೃತಿ ಮೊದಲು ನನ್ನ ಹೆಗಲ ಬ್ಯಾಗ್ ನೋಡಿದಳು, ಆಮೇಲೆ ನನ್ನನ್ನು. ಹಾಯ್ ಎಂದು ಮಹಡಿ ಹತ್ತಿದಳು. ಸ್ವಲ್ಪ ಹೊತ್ತಿಗೆ ತನ್ನ ದಿಂಬು, ಹೊದಿಕೆ ಅವುಚಿಕೊಂಡು ಇಳಿದು ಬಂದು ಅಪ್ಪ ಅಮ್ಮನ ಕೋಣೆಯತ್ತ ನಡೆದಳು. ಯಾರೂ ಹೇಳಿರಲಿಲ್ಲ. ಮುಖದಲ್ಲಿ ಸಿಟ್ಟೂ ಇರಲಿಲ್ಲ.

“ಎಲ್ಲಿಗೇ? ಈ ಮನೇಲಿ ಗೆಸ್ಟ್ ರೂಮ್ ಇದೆಯಲ್ಲ” ಎಂದು ಆಂಟಿ ನಕ್ಕರು. ನಕ್ಕವರು ನನ್ನ ಕಡೆ ನೋಡಲಿಲ್ಲ.

“ನಾನು ಸಂಜೆಗೇ ಹೊರಡ್ತೀನಿ ಪುಟ್ಟಿ” ಎಂದೆ.

“ಇಟ್ಸ್ ಓಕೆ ಅಕ್ಕ” ಎಂದಳು, ದಿಂಬು ಕೆಳಗಿಡದೆ.

ಆ ದಿನ ನಾಚಿಕೆಯಿಂದ ಊಟ ಸೇರಲಿಲ್ಲ. ಆ ಬೇಸಿಗೆಯಿಡೀ ಅವಳು ಹೊತ್ತ ಭಾರ ಎಂಥದ್ದು ಎಂಬುದು ಮಾತ್ರ ಇವತ್ತು, ಈ ತಗ್ಗಿನ ಪಕ್ಕ ಕಾಲು ಚಾಚಿ ಕೂತಾಗ ತಿಳಿಯಿತು.

ಭಾರ ಇಳಿದ ನೆಲ ಏಳುವುದರ ಬಗ್ಗೆ ನನ್ನ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ಮಕ್ಕಳ ಬಗ್ಗೆ ಏನೂ ಇಲ್ಲ. ಬಂದವರಿಗೆಲ್ಲ ಹಾಸಿಗೆ ಬಿಟ್ಟುಕೊಟ್ಟು ಬೆಳೆದವರು ಯಾರಾದರೂ ಇದನ್ನು ಓದುತ್ತಿದ್ದರೆ, ಮತ್ತೆ ಮೇಲೇಳಲು ಎಷ್ಟು ಕಾಲ ಹಿಡಿಯಿತೆಂದು ದಯವಿಟ್ಟು ನನಗೆ ಬರೆದು ತಿಳಿಸಿ.