ಗಾಳಿ ತಿರುಗುವ ಗಂಟೆ

ನನಗೂ ನನ್ನ ಷಡ್ಡಕನಿಗೂ ಎಂದೂ ಸರಿಹೋಗಿಲ್ಲ. ಅಕ್ಕತಂಗಿಯರನ್ನು ಮದುವೆಯಾದ ಒಂದೇ ತಪ್ಪಿಗೆ ಇಬ್ಬರು ಗಂಡಸರು ಹದಿನೆಂಟು ವರ್ಷ ಒಂದೇ ಮೇಜಿನಲ್ಲಿ ಕೂತು ಊಟ ಮಾಡಬೇಕಾಗುತ್ತದೆ ಅಂತ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ನಾನಿರುವುದು ಷಿಕಾಗೋ ಪಕ್ಕದ ಅರೋರಾದಲ್ಲಿ, ಅವನು ಡೆಟ್ರಾಯಿಟ್ ಪಕ್ಕದ ಒಂದು ಸಬ್‌ಡಿವಿಷನ್ನಿನಲ್ಲಿ. ನಡುವಿನ ಮುನ್ನೂರು ಮೈಲಿಯೇ ನಮ್ಮ ಸಂಬಂಧವನ್ನು ಇಷ್ಟು ವರ್ಷ ಕಾಪಾಡಿದ್ದು.

ನಾನು ಹವಾಮಾನ ನೋಡುವವನು. ಹವ್ಯಾಸವಲ್ಲ, ಭಯ. ಬಾಲಾಜಿ ದೇವಸ್ಥಾನ ಮನೆಯಿಂದ ಹತ್ತು ನಿಮಿಷ, ಅಲ್ಲಿಗೆ ಹೊರಡುವ ಮುಂಚೆಯೂ ರೇಡಾರ್ ನೋಡುತ್ತೇನೆ. ಜುಲೈನಲ್ಲೂ ಡಿಕ್ಕಿಯಲ್ಲಿ ಹಿಮ ತೆಗೆಯುವ ಸಲಿಕೆ ಇರುತ್ತದೆ. ನಮ್ಮ ಕನ್ನಡದವರ ಪಿಕ್ನಿಕ್ ದಿನ ನನ್ನನ್ನು ಕೇಳದೆ ನಿಗದಿಯಾಗುವುದಿಲ್ಲ. ನಾನು ಹೇಳಿದ ದಿನ ಮಳೆ ಬಂದರೆ ಚಿತ್ರಾನ್ನ ನೆಂದಿದ್ದಕ್ಕೂ ನಾನೇ ಹೊಣೆ.

ಷಡ್ಡಕನಿಗೆ ಐದು ವರ್ಷದ ಹಿಂದೆ ಬೇಟೆಯ ಹುಚ್ಚು ಹತ್ತಿತು. ಕಾರು ಕಂಪನಿಯ ಇಂಜಿನಿಯರು, ಮೈಸೂರಿನಲ್ಲಿ ಜಿರಲೆ ಕಂಡರೆ ಕುರ್ಚಿ ಹತ್ತುತ್ತಿದ್ದವನು. ಮೊದಲ ವರ್ಷ ಸಾರ್ವಜನಿಕ ಕಾಡಿನಲ್ಲಿ ಪರದಾಡಿದ. ಆಮೇಲೆ ನಾಲ್ಕು ವರ್ಷ ರೈತರ ಮನೆ ಬಾಗಿಲು ತಟ್ಟಿದ, ಅವರ ಜಮೀನಿನಲ್ಲಿ ಜಿಂಕೆ ಹೊಡೆಯಲು ಅನುಮತಿಗಾಗಿ. ಕೊನೆಗೆ ಊರಿಂದ ಎಂಬತ್ತು ಮೈಲಿ ಆಚೆ ಒಬ್ಬ ಮುದುಕ ಒಪ್ಪಿ ಗೇಟಿನ ಕೀಲಿ ಕೊಟ್ಟ. ಷರತ್ತು ಒಂದೇ. ಬೇಟೆಯ ಸೀಸನ್ನಿಗೆ ಮುಂಚೆ ಒಂದು ಸಲ ಬಂದು ನಡೆದು ನೋಡಬಹುದು, ಜಿಂಕೆ ಎಲ್ಲಿ ಓಡಾಡುತ್ತದೆ, ಎಲ್ಲಿ ಮಲಗುತ್ತದೆ ಅಂತ. ಆದರೆ ಒಂದು ಜಿಂಕೆ ಬೆದರಿ ಜಮೀನು ಬಿಟ್ಟು ಓಡಿದರೂ ಅನುಮತಿ ಅಲ್ಲಿಗೆ ಮುಗಿಯಿತು.

ಆಗ ನನಗೆ ಫೋನ್ ಬಂತು.

"ಭಾವ, ನಿಮ್ಮ ಹೆದರಿಕೆಗೂ ಒಂದು ಉಪಯೋಗ ಇದೆ ಅಂತ ಈಗ ಗೊತ್ತಾಯ್ತು ನೋಡಿ. ಗಾಳಿ ಯಾವಾಗ ತಿರುಗತ್ತೆ ಹೇಳಿ ಸಾಕು."

"ನಿನ್ನ ಫೋನಲ್ಲೇ ಇದೆಯಲ್ಲಪ್ಪಾ."

"ಫೋನಲ್ಲಿರೋದನ್ನ ನೀವು ನಂಬ್ತೀರಾ?"

ಇಲ್ಲ. ಅದು ಅವನಿಗೂ ಗೊತ್ತಿತ್ತು. ಅಲ್ಲಿಗೆ ನಾನು ಬಲೆಗೆ ಬಿದ್ದೆ.

ಲೆಕ್ಕ ಸರಳ. ಜಮೀನಿನ ಗೇಟು ದಕ್ಷಿಣಕ್ಕೆ, ಜಿಂಕೆಗಳು ಮಲಗುವ ಜೌಗು ಉತ್ತರಕ್ಕೆ. ದಕ್ಷಿಣದ ಗಾಳಿ ಇರುವಾಗ ಒಳಗೆ ಹೋದರೆ ನಮ್ಮ ವಾಸನೆ ನಮಗಿಂತ ಮುಂಚೆ ಜೌಗು ತಲುಪುತ್ತದೆ. ಆ ಶನಿವಾರ ಬೆಳಿಗ್ಗೆ ತಂಪು ಗಾಳಿಯ ಒಂದು ಅಲೆ ದಾಟಿಹೋಗುವುದಿತ್ತು. ಅದು ದಾಟಿದ ಮೇಲೆ ಗಾಳಿ ವಾಯುವ್ಯದಿಂದ ಬೀಸುತ್ತದೆ, ಮಧ್ಯಾಹ್ನ ಮಳೆ ಬಂದು ಹೆಜ್ಜೆಯ ವಾಸನೆಯನ್ನೂ ತೊಳೆಯುತ್ತದೆ. ನಾನು ಆ್ಯಪ್‌ಗಳನ್ನೆಲ್ಲ ಬದಿಗಿಟ್ಟು, ಗ್ರೀನ್‌ವಿಚ್ ಸಮಯದಲ್ಲಿ ಬರುವ ಮೂಲ ಅಂಕಿಗಳನ್ನೇ ಇಳಿಸಿಕೊಂಡು, ಕೈಯಾರೆ ನಮ್ಮ ಸಮಯಕ್ಕೆ ಬದಲಾಯಿಸಿ, ಎಕ್ಸೆಲ್ ಶೀಟ್ ಮಾಡಿ ಪ್ರಿಂಟ್ ತೆಗೆದೆ. ಎಂಟು ಗಂಟೆಗೆ ಗಾಳಿ ತಿರುಗುತ್ತದೆ. ಕೆಂಪು ಇಂಕಿನಲ್ಲಿ ಗುರುತು ಹಾಕಿದೆ. ಅದರಿಂದಲೂ ಸಮಾಧಾನವಾಗದೆ ನಾನೇ ಹೊರಟೆ.

ಶುಕ್ರವಾರ ಸಂಜೆ ಅವನ ಮನೆ ಸೇರಿದಾಗ ನಾದಿನಿಯ ಮುಖ ಉರಿಯುತ್ತಿತ್ತು.

"ಬನ್ನಿ ಭಾವ, ಮೊಸರನ್ನ ತಿನ್ನಿ. ಬರೀ ಮೊಸರನ್ನ. ಒಂದು ವಾರದಿಂದ ಈ ಮನೇಲಿ ಒಗ್ಗರಣೆ ಬಂದ್. ಜಿಂಕೆಗೆ ಇಂಗು ಆಗಿಬರಲ್ವಂತೆ."

"ಬಟ್ಟೆಗೆ ಹಿಡಿಯತ್ತೆ ಕಣೇ ವಾಸನೆ," ಅಂದ ಷಡ್ಡಕ.

"ನನ್ನ ಜೀವನಕ್ಕೇ ಹಿಡಿದಿದೆ ನಿಮ್ಮ ವಾಸನೆ. ಅದಕ್ಕೇನು ಮಾಡ್ಲಿ?"

ಬೆಳಿಗ್ಗೆ ನನಗೆ ವಾಸನೆಯಿಲ್ಲದ ಸೋಪು ಕೊಟ್ಟ. ಸೊಂಟಕ್ಕೆ ಹಚ್ಚುವ ಮುಲಾಮನ್ನು ಕಿತ್ತುಕೊಂಡ. ಗ್ಯಾರೇಜಿನಲ್ಲಿ ಡಬ್ಬದೊಳಗೆ ಮುಚ್ಚಿಟ್ಟಿದ್ದ ಬಟ್ಟೆ ಕೊಟ್ಟ. ಪ್ಯಾಂಟು ನನ್ನ ಹೊಟ್ಟೆಯನ್ನು ಒಪ್ಪಲಿಲ್ಲ. ಗುಂಡಿ ಹಾಕದೆಯೇ, ಬೆಲ್ಟಿನ ಭರವಸೆಯ ಮೇಲೆ ಹೊರಟೆ.

ಮುದುಕ ಗೇಟಿನ ಹತ್ತಿರ ಪಿಕಪ್‌ನಲ್ಲಿ ಕಾದಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಇವನ್ಯಾಕೆ ಅಂತ ಕೇಳಿದ. ಇವರು ಗಾಳಿಯ ಎಕ್ಸ್‌ಪರ್ಟ್ ಅಂದ ಷಡ್ಡಕ. ಮುದುಕ ಕಿಟಕಿಯಾಚೆ ಉಗಿದ. ಉಗುಳು ನಮ್ಮ ಕಡೆ ಬರಲಿಲ್ಲ, ಉತ್ತರಕ್ಕೆ ಹಾರಿತು. ಅದನ್ನು ನಾನು ನೋಡಿದೆ. ಗಂಟೆ ಎಂಟು ಹೊಡೆಯಲು ಐದು ನಿಮಿಷವಿತ್ತು, ಇನ್ನೇನು ತಿರುಗುತ್ತದೆ ಅಂದುಕೊಂಡೆ.

ಎಂಟಕ್ಕೆ ಸರಿಯಾಗಿ ಒಳಗೆ ಹೋದೆವು. ಸೋಯಾ ಹೊಲದ ಅಂಚಿನಲ್ಲಿ ಇನ್ನೂರು ಗಜ ನಡೆದಿರಬಹುದು. ನನ್ನ ಕತ್ತಿನ ಹಿಂಭಾಗಕ್ಕೆ ಬೆಚ್ಚನೆ ಗಾಳಿ ತಾಗುತ್ತಿತ್ತು. ಹಿಂಭಾಗಕ್ಕೆ. ಹೇಳೋಣ ಅಂತ ಬಾಯಿ ತೆರೆದೆ. ಅವನು ತುಟಿಗೆ ಬೆರಳಿಟ್ಟ. ಅಷ್ಟರಲ್ಲಿ ಜೌಗಿನೊಳಗೆ ಯಾರೋ ಜೋರಾಗಿ ಸೀನಿದ ಹಾಗೆ ಶಬ್ದ. ಜಿಂಕೆಗೆ ನಮ್ಮ ವಾಸನೆ ಸಿಕ್ಕಿತ್ತು. ಒಂದಾದ ಮೇಲೆ ಒಂದು ಬಿಳಿ ಬಾಲಗಳು ಎದ್ದವು. ಕಡೆಗೆ ದೊಡ್ಡ ಗಂಡು, ತಲೆಯ ಮೇಲೆ ಕೊಂಬಿನ ಪೊದೆ ಹೊತ್ತದ್ದು, ಬೇಲಿ ಹಾರಿ ಪಕ್ಕದವರ ಹೊಲಕ್ಕೆ ಹೋಯಿತು. ಷಡ್ಡಕ ಅಲ್ಲೇ ಕುಕ್ಕರಿಸಿ ಕೂತವನು ಮುಕ್ಕಾಲು ಗಂಟೆ ಏಳಲಿಲ್ಲ. ಅವನ ಮುಖವನ್ನು ನಾನು ನೋಡಬಾರದಿತ್ತು.

ಮುದುಕ ಪಿಕಪ್‌ನಿಂದಲೇ ಎಲ್ಲ ನೋಡಿದ್ದ. ಬೈಯಲಿಲ್ಲ. ಕೈ ಚಾಚಿದ. ಷಡ್ಡಕ ಗೇಟಿನ ಕೀಲಿಯನ್ನು ಆ ಕೈಯಲ್ಲಿಟ್ಟ. ಪಿಕಪ್ ಮುದುಕನ ಮನೆ ಕಡೆ ಹೊರಟುಹೋಯಿತು.

ಕಾರಿನಲ್ಲಿ ಕೂತ ತಕ್ಷಣ ಷಡ್ಡಕ ಹೆಂಡತಿಗೆ ಫೋನ್ ಮಾಡಿದ. "ನಿಜ ಹೇಳು, ಗುರುವಾರ ನಾನು ಆಫೀಸಿಗೆ ಹೋದಾಗ ಒಗ್ಗರಣೆ ಹಾಕಿದ್ಯಾ ಇಲ್ವಾ?"

"ಹಾಕಿದ್ದೆ. ಒಂದೇ ಒಂದು ಚಮಚ. ಈಗ ಜೈಲಿಗೆ ಹಾಕ್ತೀರಾ?"

"ನಾಲ್ಕು ವರ್ಷ ಕಣೇ! ನಾಲ್ಕು ವರ್ಷ ನಾಯಿ ಹಾಗೆ ಅಲೆದು ಸಿಕ್ಕಿದ್ದ ಜಾಗ!" ಅಂತ ಕಿರುಚಿ ಫೋನ್ ಇಟ್ಟ.

ಆಗ, ಸರಿಯಾಗಿ ಆಗ, ಹೊಲದ ಸೋಯಾ ಎಲ್ಲ ಒಟ್ಟಿಗೆ ಇನ್ನೊಂದು ಕಡೆಗೆ ಬಾಗಿತು. ಗಾಳಿ ತಿರುಗಿತು. ಕಾರಿನ ಗಡಿಯಾರದಲ್ಲಿ ಒಂಬತ್ತು. ನನ್ನ ಜೇಬಿನ ಕಾಗದದಲ್ಲಿ ಎಂಟು. ಇಂಡಿಯಾನಾ ದಾಟುವಾಗ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಹದಿನೆಂಟು ವರ್ಷದಿಂದ ಆ ದಾರಿಯಲ್ಲಿ ಬರುತ್ತಿದ್ದೇನೆ. ಯಾವ ಫೋನನ್ನೂ ನಂಬದ ನಾನು ಅರೋರಾದ ಅಡುಗೆಮನೆಯಲ್ಲಿ ಕೂತು ಮಿಷಿಗನ್ನಿನ ಗಾಳಿಯನ್ನು ಷಿಕಾಗೋ ಸಮಯಕ್ಕೆ ಬದಲಾಯಿಸಿದ್ದೆ. ಯಾವ ಫೋನಾದರೂ ತಾನಾಗಿ ಸರಿಯಾಗಿ ತೋರಿಸುತ್ತಿತ್ತು.

ಸುಮ್ಮನಿರಬಹುದಿತ್ತು. ಒಗ್ಗರಣೆಯ ತಲೆಗೆ ಕಟ್ಟಿ ಐದು ಗಂಟೆಯಲ್ಲಿ ಮನೆ ಸೇರಬಹುದಿತ್ತು. ಹಾಗೆ ಮಾಡೋಣ ಅಂತಲೇ ಒಂದು ಮೈಲಿ ಸುಮ್ಮನಿದ್ದೆ ಕೂಡ. ಆಮೇಲೆ ಹೇಳಿದೆ.

ಅವನು ಬ್ರೇಕ್ ಹಾಕಿದ. ನನ್ನ ಕಡೆ ತಿರುಗದೆ ಹೇಳಿದ: "ಬನ್ನಿ. ಆ ಮುದುಕನಿಗೂ ಹೇಳಿ."

ಮುದುಕ ಬಾಗಿಲನ್ನು ಅರ್ಧ ಮಾತ್ರ ತೆರೆದ. ನಾನು ಎರಡು ಟೈಮ್ ಝೋನುಗಳ ಬಗ್ಗೆ, ಎಕ್ಸೆಲ್ ಶೀಟಿನ ಬಗ್ಗೆ, ಇದು ಪೂರ್ತಿ ನನ್ನ ತಪ್ಪು ಅನ್ನುವುದರ ಬಗ್ಗೆ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ವಿವರಿಸಿದೆ. ಅವನು ಪೂರ್ತಿ ಕೇಳಿದ. ಜಿಂಕೆಗಳಿಗೂ ಇದನ್ನೇ ವಿವರಿಸಿ ವಾಪಸ್ ಕರೆದುಕೊಂಡು ಬಾ, ಕೀಲಿ ಕೊಡುತ್ತೇನೆ ಅಂದ. ಬಾಗಿಲು ಹಾಕಿದ.

ಕಾರಿನಲ್ಲಿ ಷಡ್ಡಕ ಮತ್ತೆ ಮನೆಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, "ಇದನ್ನೂ ನೀವೇ ಹೇಳಿ" ಅಂದ. ಹೇಳಿದೆ. ಒಗ್ಗರಣೆಯ ತಪ್ಪಿಲ್ಲ, ನನ್ನದು ಅಂದೆ. ಜಮೀನು ಹೋಯಿತು ಅಂದೆ.

"ಹೋಯ್ತಾ? ಪೂರ್ತಿ ಹೋಯ್ತಾ?" ಅಂದಳು ನಾದಿನಿ. "ಸೀಸನ್ ಶುರುವಾದ್ರೆ ನವೆಂಬರ್‌ವರೆಗೆ ಎಲ್ಲ ಶನಿವಾರ ಭಾನುವಾರ ಇವರು ಆಚೆ ಇರ್ತಾರೆ ಅಂತ ನಾನು ಎಷ್ಟು ಪ್ಲಾನ್ ಮಾಡ್ಕೊಂಡಿದ್ದೆ ಗೊತ್ತಾ ಭಾವ? ಇನ್ನು ಮನೇಲೇ ಕೂತಿರ್ತಾರೆ. ನೀವು ಮಾಡಿದ ಉಪಕಾರ ಸಾಯೋವರೆಗೂ ಮರೆಯಲ್ಲ."

ಷಡ್ಡಕ ಸ್ಪೀಕರ್ ಆರಿಸಿದ. ಮನೆಗೆ ಇನ್ನೂ ಎಂಬತ್ತು ಮೈಲಿ ಇತ್ತು.