ಬಚ್ಚಲು ಕೊಟ್ಟಿಗೆ ಅಳೆದ ಮೇಡಂ

ಟೇಪು ಹಿಡಿದು ಮನೆಗೆ ಬಂದವರನ್ನು ನಾನು ನಂಬುವುದಿಲ್ಲ. ನಾನೇ ದಿನವಿಡೀ ಟೇಪನ್ನು ಕೊರಳಿಗೆ ಹಾಕಿಕೊಂಡು ಮರ್ಕಂಜದ ಹೆಂಗಸರ ರವಿಕೆಯ ಅಳತೆ ತೆಗೆಯುವವಳು, ಅದು ಬೇರೆ ಮಾತು. ರವಿಕೆ ಅಳೆದರೆ ಯಾರ ಜಾಗವೂ ಹೋಗುವುದಿಲ್ಲ.

ನಮ್ಮ ಮನೆ ನಮ್ಮದೇ ಜಾಗದಲ್ಲಿದೆ. ಮನೆಯ ಹಿಂದೆ ನೀರು ಕಾಯಿಸಿ ಮೀಯುವ ಬಚ್ಚಲು ಕೊಟ್ಟಿಗೆ ಮಾತ್ರ ಕುಮ್ಕಿಯಲ್ಲಿದೆ. ಕುಮ್ಕಿ ಎಂದರೆ ಸ್ವಂತ ಜಾಗಕ್ಕೆ ತಾಗಿಕೊಂಡಿರುವ ಸರಕಾರಿ ನೆಲ. ಅಲ್ಲಿ ಸೊಪ್ಪು ಕಡಿಯಬಹುದು, ಸೌದೆ ತರಬಹುದು, ಕಟ್ಟಡ ಕಟ್ಟಕೂಡದು. ನಮ್ಮ ಕಡೆ ಕುಮ್ಕಿಗೆ ಒಂದು ಹೆಜ್ಜೆಯನ್ನಾದರೂ ಇಡದ ಮನೆಯಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಮನೆಯೂ ಇಲ್ಲ.

ಆ ಕೊಟ್ಟಿಗೆ ಕಟ್ಟಿದ್ದು ಅಪ್ಪ. ಕೆಂಪುಕಲ್ಲಿನ ಮೇಸ್ತ್ರಿಯಾಗಿದ್ದ ಅಪ್ಪ ಅಜ್ಜಾವರದಿಂದ ಕಡಬದವರೆಗೆ ಊರವರಿಗೆಲ್ಲ ಮನೆ ಕಟ್ಟಿಕೊಟ್ಟ. ಹೊಸ ಮನೆಯ ಒಕ್ಕಲಿನ ದಿನ ಒಂದು ವೇಷ್ಟಿ, ಒಂದು ಊಟ, ಅಲ್ಲಿಗೆ ಮುಗಿಯಿತು. ಮರುದಿನ ಆ ಮನೆಯ ಜಗಲಿಯಲ್ಲಿ ಕೂರುವ ಹಕ್ಕೂ ಅವನಿಗಿರಲಿಲ್ಲ. ತನಗಾಗಿ, ತನ್ನ ತಲೆ ಓಡಿಸಿ ಕಟ್ಟಿಕೊಂಡದ್ದು ಇದೊಂದೇ. ಗೋಡೆಗೆ ಮೂಲೆಗಳಿಲ್ಲ, ನಾಲ್ಕೂ ಕಡೆ ಕಲ್ಲನ್ನು ಉರುಟಾಗಿ ಕೆತ್ತಿ ತಿರುಗಿಸಿದ್ದಾನೆ. "ಮೂಲೆ ಕಂಡ್ರೆ ಹೊಗೆ ಅಲ್ಲೇ ಕೂರ್ತದೆ, ಸೋಮಾರಿ ಅದು" ಎನ್ನುತ್ತಿದ್ದ. ಹಂಡೆಯ ಒಲೆಯ ಹೊಗೆ ಗೋಡೆಯನ್ನು ಸುತ್ತಿಕೊಂಡು ಮೇಲೇರಿ, ಕಲ್ಲುಗಳ ನಡುವೆ ಬಿಟ್ಟ ಸಂದುಗಳಿಂದ ಅಟ್ಟಕ್ಕೆ ಹೋಗುತ್ತದೆ. ಆಟಿ ತಿಂಗಳ ಜಡಿಮಳೆಯಲ್ಲೂ ನಮ್ಮ ನಾಲ್ಕು ಗೋಣಿ ಅಡಿಕೆ ಆ ಅಟ್ಟದಲ್ಲೇ ಒಣಗುತ್ತದೆ. ಕಟ್ಟುವಾಗ ನಾನು ಏಳನೆಯ ಕ್ಲಾಸು. ನೀರು ಹೊತ್ತವಳು ನಾನು, ಕಲ್ಲು ಹೊತ್ತವಳು ಅಮ್ಮ. ಅಪ್ಪ ಹೋಗಿ ಆರು ವರ್ಷವಾಯಿತು. ಕೊಟ್ಟಿಗೆಗೆ ಏನಾದರೂ ಆದರೆ ಅವನು ಇನ್ನೊಂದು ಸಲ ಸತ್ತ ಹಾಗೆ ಎಂದು ನನಗೆ ಅನ್ನಿಸುತ್ತದೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಮೇಡಂ ಒಬ್ಬರು ನಾಲ್ಕು ಮಂದಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅಂಗಳಕ್ಕೆ ಬಂದರು. ಯಾವುದೋ ವಿಶ್ವವಿದ್ಯಾಲಯದಲ್ಲಿ ಆರ್ಕಿಟೆಕ್ಚರ್ ಕಲಿಸುವವರಂತೆ. ರಸ್ತೆಯಲ್ಲಿ ಹೋಗುವಾಗ ಹೊಗೆ ಕಂಡಿತಂತೆ, ಗೋಡೆ ಚಂದ ಕಂಡಿತಂತೆ, ಸ್ವಲ್ಪ ಅಳತೆ ತೆಗೆದುಕೊಳ್ಳಬಹುದಾ ಎಂದು ಕೇಳಿದರು. ಮಾತು ಘಟ್ಟದ ಮೇಲಿನವರದ್ದು. ಬಚ್ಚಲು ಕೊಟ್ಟಿಗೆ ಅಳೆಯಲು ಇಷ್ಟು ದೂರ ಯಾರಾದರೂ ಬರುತ್ತಾರೆಯೇ? ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ, ಅದಾದರೂ ನಂಬುವ ಮಾತು. ಇದು ಸರ್ವೆಯೇ, ಪಾಠದ ವೇಷ ಹಾಕಿಕೊಂಡು ಬಂದಿದೆ ಎಂದೇ ಲೆಕ್ಕ ಹಾಕಿದೆ.

ನೀರು ಕೊಟ್ಟೆ, ಬೆಲ್ಲ ಕೊಡಲಿಲ್ಲ. ಬೇಡ ಎಂದು ಓಡಿಸಿದರೆ ಇನ್ನಷ್ಟು ಅನುಮಾನ ಬಂದೀತು ಎಂದು ಅಳೆಯಲು ಬಿಟ್ಟೆ. ಅವರು ಒಂದೊಂದು ಸಂದಿಗೂ ಟೇಪು ಹಿಡಿದರು, ಅಟ್ಟಕ್ಕೆ ಹತ್ತಿದರು, ಫೋಟೋ ತೆಗೆದರು. ಆಮೇಲೆ ಮೇಡಂ ಕೈಯ ಮಸಿ ಒರಸಿಕೊಳ್ಳುತ್ತಾ ಕೇಳಿದರು.

"ಅಕ್ಕ, ಇದನ್ನ ಕಟ್ಟಿದ್ದು ಯಾರು? ಎಷ್ಟು ವರ್ಷ ಆಗಿರಬಹುದು?"

ನೋಡಿ, ಬಂತಲ್ಲ ಬುಡಕ್ಕೆ! ಅಪ್ಪ ಕಟ್ಟಿದ್ದು ಎಂದರೆ ಒತ್ತುವರಿ ಮಾಡಿದ್ದು ಅಪ್ಪ ಎಂದು ನಾನೇ ಬರೆದುಕೊಟ್ಟ ಹಾಗೆ. ಹಳೆಯ ಕಾಲದ್ದು ಎಂದರೆ ಯಾರ ತಲೆಗೂ ಬರುವುದಿಲ್ಲ.

"ನಮಗೆಂತ ಗೊತ್ತು ಮೇಡಂ? ನಾವು ಈ ಜಾಗಕ್ಕೆ ಬರುವಾಗಲೇ ಇತ್ತು. ಅಜ್ಜಂದಿರ ಕಾಲದ್ದೋ ಎಂತದೋ" ಎಂದೆ.

ಜಗಲಿಯಲ್ಲಿ ಕೂತಿದ್ದ ಅಮ್ಮ ಬಾಯಿ ತೆರೆದಳು. ನಾನು ಅವಳತ್ತ ಕಣ್ಣು ಬಿಟ್ಟೆ. "ಅಮ್ಮಾ, ಗಂಜಿ ಉಕ್ಕುತ್ತಾ ಉಂಟು, ನೋಡು" ಎಂದೆ. ಒಲೆಯ ಮೇಲೆ ಗಂಜಿ ಇರಲಿಲ್ಲ. ಅಮ್ಮ ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಮೇಡಂ ಮುಖ ಮಾತ್ರ ಅರಳಿತ್ತು. "ಅಂದ್ರೆ ಯಾರಿಗೂ ಗೊತ್ತಿಲ್ಲ, ಅಷ್ಟು ಹಳೇದು!" ಎಂದು ಪುಸ್ತಕದಲ್ಲಿ ಬರೆದುಕೊಂಡರು.

ಅವರು ಹೋದ ಮೇಲೆ ನನಗೆ ನಿದ್ದೆಯಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆಯಾಯಿತು ನನ್ನದು. ಕೊಟ್ಟಿಗೆಯ ರಸ್ತೆ ಬದಿಯ ಗೋಡೆಗೆ ಟರ್ಪಾಲು ಕಟ್ಟಿದೆ, ಅದರ ಮುಂದೆ ಸೌದೆ ಒಟ್ಟಿದೆ. ಸುಳ್ಯಕ್ಕೆ ಹೋದಾಗ ತಾಲೂಕು ಕಚೇರಿಯ ಎದುರು ನಡೆಯದೆ ಬಳಸು ದಾರಿ ಹಿಡಿದೆ. ರವಿಕೆ ಹೊಲಿಸಲು ಹೊಸಬರು ಯಾರಾದರೂ ಬಂದರೆ, ಇವರ ಮನೆಯವರು ಯಾವ ಆಫೀಸಿನಲ್ಲಿದ್ದಾರೆ ಎಂದು ಮೊದಲು ವಿಚಾರಿಸುತ್ತಿದ್ದೆ. "ಎಂತ ಸಾವು ಮಾರಾಯ್ತಿ ನಿಂದು! ಟರ್ಪಾಲು ಕಟ್ಟಿ ಹೊಗೆ ಎಲ್ಲ ಒಳಗೇ ನಿಲ್ತದೆ" ಎಂದು ಅಮ್ಮ ಬೈದಳು. ನೋಟೀಸು ಮಾತ್ರ ಬರಲಿಲ್ಲ.

ಬಂದದ್ದು ಈ ವರ್ಷ, ಅಂಚೆಯಲ್ಲಿ ಒಂದು ದಪ್ಪ ಲಕೋಟೆ. ಒಳಗೆ ವಿಶ್ವವಿದ್ಯಾಲಯದ ವಾರ್ತಾಪತ್ರ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಜೊತೆಗೆ ಮೇಡಂ ಕೈಬರಹದ ಚೀಟಿ, ನಿಮಗೆ ತುಂಬಾ ಕೃತಜ್ಞತೆ ಎಂದು, ಕೆಳಗೆ ಫೋನ್ ನಂಬರು. "ಅಧ್ಯಾಪಕರ ಇತ್ತೀಚಿನ ಸಾಧನೆಗಳು" ಎಂಬ ಪುಟದಲ್ಲಿ ಒಬ್ಬರು ವಿದೇಶದಲ್ಲಿ ಭಾಷಣ ಮಾಡಿದ್ದಾರೆ, ಇನ್ನೊಬ್ಬರ ಬೆಂಚಿನ ವಿನ್ಯಾಸಕ್ಕೆ ಪದಕ ಬಂದಿದೆ. ಬೆಂಚಿಗೂ ಪದಕ! ಅದರ ಕೆಳಗೆ ನಮ್ಮ ಬಚ್ಚಲು ಕೊಟ್ಟಿಗೆ, ಕಲರ್ ಫೋಟೋ. ಅದರ ಮೇಲೆ ಮಾಡಿದ ಅಧ್ಯಯನಕ್ಕೆ ಮೇಡಂಗೆ ಪ್ರಥಮ ಬಹುಮಾನ.

ನಾನು ಮೊದಲು ಹುಡುಕಿದ್ದು ಸರ್ವೆ ನಂಬರನ್ನು. ಇರಲಿಲ್ಲ. ಊರಿನ ಹೆಸರೂ ಇರಲಿಲ್ಲ, ದಕ್ಷಿಣ ಕನ್ನಡದ ಒಂದು ಹಳ್ಳಿ ಎಂದಷ್ಟೇ ಇತ್ತು. ಅಬ್ಬ, ಬದುಕಿದೆ ಎಂದು ಉಸಿರು ಬಿಟ್ಟೆ.

ಅಷ್ಟರಲ್ಲಿ ಅಮ್ಮ ಹತ್ತಿರ ಬಂದು ಕೂತಳು. ಅವಳಿಗೆ ಓದಲು ಬರುವುದಿಲ್ಲ, ಫೋಟೋದಲ್ಲಿ ಗೋಡೆಯನ್ನು ಗುರುತಿಸಿದಳು. ಸೆರಗಿನಲ್ಲಿ ಕೈ ಒರಸಿಕೊಂಡು ಕೇಳಿದಳು. "ನಿನ್ನ ಅಪ್ಪನ ಹೆಸರು ಎಲ್ಲಿ ಉಂಟು? ತೋರಿಸು."

ಸುಳ್ಳು ಹೇಳಬಹುದಿತ್ತು. ಯಾವುದೋ ಒಂದು ಗೆರೆ ತೋರಿಸಿ ಇದೇ ಎಂದರೆ ಆಗುತ್ತಿತ್ತು. ಯಾಕೋ ನಾಲಗೆ ಏಳಲಿಲ್ಲ. ಇದ್ದದ್ದನ್ನು ಓದಿದೆ: "ಕಟ್ಟಿದವರು ಯಾರೆಂದು ತಿಳಿದಿಲ್ಲ."

ಅಮ್ಮ ಫೋಟೋದ ಗೋಡೆಯ ಮೇಲೆ ಬೆರಳಿಟ್ಟಳು. "ತಿಳಿದಿಲ್ಲವಾ? ನಾನು ಇಲ್ಲೇ ಇದ್ದೇನಲ್ಲ. ಆ ಕಲ್ಲೆಲ್ಲ ಹೊತ್ತದ್ದು ನನ್ನ ತಲೆ" ಎಂದಳು.

ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ಗೊತ್ತಿದ್ದರೂ ಮೇಡಂ ಮೇಲೆಯೇ ತಿರುಗಿಸಿಕೊಂಡು ಫೋನು ಮಾಡಿದೆ.

"ಮೇಡಂ, ಅದು ನನ್ನ ಅಪ್ಪ ಕಟ್ಟಿದ್ದು. ಹೆಸರು ಹಾಕ್ಬೇಕು."

"ಅಕ್ಕ, ಆವತ್ತು ನೀವೇ ಹೇಳಿದ್ರಲ್ಲ, ನೀವು ಬರೋವಾಗಲೇ ಇತ್ತು ಅಂತ?"

"ಸುಳ್ಳು ಹೇಳಿದ್ದು. ಹೆದರಿ."

"ಯಾವುದಕ್ಕೆ ಹೆದರಿ?"

ಕುಮ್ಕಿ ಎಂಬ ಶಬ್ದ ಬಾಯಿಯವರೆಗೆ ಬಂತು. ಫೋನು ರೆಕಾರ್ಡ್ ಆಗುತ್ತಿದ್ದರೆ? ನುಂಗಿಕೊಂಡೆ. "ಹಾಗೇ ಸುಮ್ಮನೆ" ಎಂದೆ.

ಆ ಕಡೆಯ ದನಿ ಬದಲಾಯಿತು. "ಅಲ್ಲ, ಈಗ ಬಹುಮಾನ ಬಂದ ಮೇಲೆ..." ಎಂದು ಮೇಡಂ ಅರ್ಧಕ್ಕೆ ನಿಲ್ಲಿಸಿದರು. ಉಳಿದರ್ಧ ನನಗೆ ಕೇಳಿಸಿತು. ಅಂದು ಅವರ ಟೇಪನ್ನು ನಾನು ನೋಡಿದ ಹಾಗೆಯೇ ಇಂದು ಅವರು ನನ್ನ ಮಾತನ್ನು ನೋಡುತ್ತಿದ್ದರು. "ತಪ್ಪು ತಿಳ್ಕೋಬೇಡಿ ಅಕ್ಕ. ತುಂಬಾ ಹಳೇದು ಅಂತಲೇ ನಾನು ಎಲ್ಲಾ ಕಡೆ ಹೇಳಿದ್ದೀನಿ. ತಿದ್ದಬೇಕು ಅಂದ್ರೆ ಏನಾದರೂ ದಾಖಲೆ ಬೇಕು. ಪಂಚಾಯತಿ ಕಾಗದ, ಹಳೇ ಫೋಟೋ, ಏನಾದ್ರೂ ಇದ್ರೆ ಕಳಿಸಿ. ಖಂಡಿತ ಹಾಕ್ತೀನಿ."

ದಾಖಲೆ! ಆ ಕೊಟ್ಟಿಗೆಗೆ ದಾಖಲೆ ಇರಬಾರದೆಂದೇ ಇಷ್ಟು ವರ್ಷ ಒದ್ದಾಡಿದವರು ನಾವು. ಅಪ್ಪ ಅದರ ಎದುರು ನಿಂತು ಒಂದು ಫೋಟೋ ತೆಗೆಸಿಕೊಳ್ಳಲೂ ಒಪ್ಪಿರಲಿಲ್ಲ.

ಫೋನು ಇಟ್ಟೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಎಂತ ಹೇಳಿದ್ರು?"

"ಅಪ್ಪನೇ ಕಟ್ಟಿದ್ದು ಅಂತ ದಾಖಲೆ ಬೇಕಂತೆ."

ಅಮ್ಮ ವಾರ್ತಾಪತ್ರವನ್ನು ಮಡಚಿ ನನ್ನ ಹೊಲಿಗೆ ಮೆಶಿನ್ನಿನ ಮೇಲಿಟ್ಟಳು.

"ಯಾರು ಕಟ್ಟಿದ್ದು ಗೊತ್ತಿಲ್ಲ ಅಂತ ಆವತ್ತು ನೀನು ಹೇಳಿದೆಯಲ್ಲ, ಅದಕ್ಕೆ ದಾಖಲೆ ಕೇಳಿದ್ರಾ ಅವರು?"