ಮೊರದಲ್ಲಿ ಉಳಿದ ಪುರಿ

ಬೊಮ್ಮಕ್ಕನನ್ನು ಕೆಮ್ಮಿಸುವ ಧೂಳು ಶಿರಾದಲ್ಲಿ ಇನ್ನೂ ಹುಟ್ಟಿರಲಿಲ್ಲ. ಮದುವೆಯಾದ ವರ್ಷ ಮದಲೂರಿನಿಂದ ಬಂದು ಕಡಲೆಕಾಯಿ ಮಿಲ್ಲು ಸೇರಿ, ಕಾಯಿ ಒಡೆಯುವ ಯಂತ್ರದ ಬಾಯಿಗೆ ನಿಂತವಳು 1962ರಲ್ಲೂ ಗುಂಡುಕಲ್ಲಿನ ಹಾಗೆ ಅಲ್ಲೇ ಇದ್ದಳು.

ಆ ಸುಗ್ಗಿಯಲ್ಲಿ ಸೊಸೆ ಅಶ್ವತ್ಥಮ್ಮನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡಳು. ತಿಂಗಳು ತುಂಬುವುದರೊಳಗೆ ಹುಡುಗಿಗೆ ಕೆಮ್ಮು ಹತ್ತಿತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು.

"ತಡ್ಕಳೇ, ಧೂಳು ಒಗ್ಗುತ್ತೆ. ನನ್ನ ನೋಡು, ಹೆಂಗಿದೀನಿ" ಎಂದಳು ಬೊಮ್ಮಕ್ಕ.

ಮಿಲ್ಲಿನವರ ತಪಾಸಣೆಗೆ ಬಂದ ಡಾಕ್ಟರೂ ಎಲ್ಲರ ಎದೆಗೆ ಕೊಳವೆ ಇಟ್ಟು ಅದನ್ನೇ ಹೇಳಿದರು. ಹೊಸಬರಿಗೆ ಕೆಮ್ಮು, ಹಳಬರಿಗೆ ಇಲ್ಲ. ವರ್ಷ ಕಳೆದಂತೆ ಮೈ ಧೂಳಿಗೆ ಹೊಂದಿಕೊಳ್ಳುತ್ತದೆ. ಬೊಮ್ಮಕ್ಕ ಉಬ್ಬಿಹೋದಳು. ಓದಿದವರೇ ಹೌದೆಂದ ಮೇಲೆ ಸೊಸೆಯ ಗೋಳು ಕೇಳುವವರಾರು?

ಸುಗ್ಗಿಯ ಕೊನೆಯ ರಾಶಿಯ ಪೂಜೆಯಲ್ಲಿ ಎಲ್ಲರಿಗಿಂತ ಹಳಬರು ಪುರಿ-ಬೆಲ್ಲ ಹಂಚುವುದು ಆ ಮಿಲ್ಲಿನ ಪದ್ಧತಿ. ಒಂದೇ ವರ್ಷ ಸೇರಿದವರನ್ನು ಒಟ್ಟಿಗೆ ಕೂಗಬೇಕು. ಕೆಲಸ ಬಿಟ್ಟವರನ್ನೂ ಮರೆಯುವಂತಿಲ್ಲ. ಅವರ ಪಾಲನ್ನು ಮೊರದಲ್ಲಿ ತೆಗೆದಿಟ್ಟು ಮನೆಗೆ ಕಳಿಸಬೇಕು. ಹಿರಿಯರಾದ ಕಲಂದರ್ ಸಾಬ್ರು ಮಗನ ಮನೆಗೆಂದು ಮಧುಗಿರಿ ಸೇರಿದ್ದರಿಂದ ಆ ಗೌರವ ಈ ಸಲ ಬೊಮ್ಮಕ್ಕನದು.

ಗತ್ತಿನಿಂದಲೇ ತನ್ನ ಜೊತೆ ಸೇರಿದವರನ್ನು ಕೂಗಿದಳು. ಲಕ್ಷ್ಮಕ್ಕ? ಕೆಮ್ಮಿ ಕೆಮ್ಮಿ ತೋವಿನಕೆರೆಗೆ ತಿರುಗಿಹೋದವಳು. ಶಾಹಜಾದಿ? ದಮ್ಮು ಹತ್ತಿ ಮನೆ ಹಿಡಿದವಳು. ರಹಮತ್ ಬಿ? ಅವಳೂ ಅಷ್ಟೆ. ಕೂಗುತ್ತ ಹೋದಂತೆ ಮೊರ ತುಂಬಿತು. ಕೈಯೊಡ್ಡಲು ಉಳಿದವಳು ತಾನೊಬ್ಬಳೇ. ಬೊಮ್ಮಕ್ಕನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸೊಸೆಯ ಮುಖ ನೋಡಿ ಭಯವಾಯಿತು.

ಪೂಜೆಗೆ ಬಂದಿದ್ದ ಡಾಕ್ಟರು, "ಇವರೆಲ್ಲ ಯಾಕಮ್ಮ ಬಿಟ್ಟರು?" ಎಂದು ಕೇಳಿದರು.

"ಕೆಮ್ಮು ತಡೀಲಾರ್ದೆ ಸ್ವಾಮಿ."

ಅವರು ಮೊರದಲ್ಲಿದ್ದ ಪಾಲುಗಳನ್ನು ಎಣಿಸಿದರು. "ಎದೆ ಕೆಟ್ಟವರು ಆಗಲೇ ಹೋಗಿಬಿಟ್ಟಿದ್ದಾರೆ. ನಾನು ಉಳಿದವರನ್ನ ನೋಡಿ ಧೂಳು ಒಗ್ಗುತ್ತೆ ಅಂದೆ."

"ನಾನೂ ಅಂಗೇ ಅಂದ್ಕಂಡ್ಬುಟ್ಟಿದ್ದೆ" ಎಂದ ಬೊಮ್ಮಕ್ಕ ಸೊಸೆಯ ಕಡೆ ತಿರುಗಿದಳು. "ಬರೋ ಸುಗ್ಗಿಗೆ ನೀನು ಯಂತ್ರದ ತಾವ್ ಬರ್ಬ್ಯಾಡ ಕಣಮ್ಮ. ಹೊರ್ಗಡೆ ಬಯಲಾಗೆ ಬೀಜ ಆರ್ಸು."

ಯಂತ್ರಕ್ಕೆ ಆಳು ಕಡಿಮೆಯಾಗುತ್ತದೆಂದು ಮೇಸ್ತ್ರಿ ತಿಪ್ಪಯ್ಯ ಗೊಣಗಿದ. "ಅಂಗಾರೆ ನನ್ನೂ ಬುಟ್ಬುಡು" ಎಂದಳು ಬೊಮ್ಮಕ್ಕ. ಅವಳಷ್ಟು ಹದವಾಗಿ ಯಂತ್ರಕ್ಕೆ ಕಾಯಿ ಸುರಿಯುವವರು ಇನ್ನೊಬ್ಬರಿರಲಿಲ್ಲ. ಮೇಸ್ತ್ರಿ ಒಪ್ಪಿಕೊಂಡ.

ಮರುವರ್ಷವೂ ಕೊನೆಯ ರಾಶಿಗೆ ಪೂಜೆಯಾಯಿತು. ಬಿಟ್ಟವರ ಪಾಲೆಲ್ಲ ಮೊರ ಸೇರಿತು. "ಅಶ್ವತ್ಥಮ್ಮ" ಎಂದು ಕೂಗಿದ ಬೊಮ್ಮಕ್ಕ, ಹಿಡಿ ಪುರಿಯನ್ನು ರೂಢಿಯ ಮೇಲೆ ಮೊರದತ್ತ ಒಯ್ದಳು.

"ಅಲ್ಲಿಗ್ಯಾಕತ್ತೆ, ನಾನಿಲ್ಲೇ ಇದೀನಲ್ಲ" ಎಂದು ಸೊಸೆ ಸೆರಗೊಡ್ಡಿದಳು.